ಸೆನ್ಸಾರ್ ಬಿಗಿಯಾಗುವ ಮುಂಚಿನ ಹಾಲಿವುಡ್ ಪ್ರೇಮಹಾಸ್ಯ: ಈ ನಾಲ್ಕರಲ್ಲಿ ಮೊದಲು ಯಾವುದು?

ಏನು ತೋರಿಸಬಹುದು, ಏನು ತೋರಿಸಬಾರದು ಎಂದು ಹಾಲಿವುಡ್ ಸ್ಟುಡಿಯೋಗಳು 1930ರಲ್ಲೇ ಒಂದು ನೀತಿಸಂಹಿತೆ ಒಪ್ಪಿಕೊಂಡಿದ್ದವು. ಒಪ್ಪಿಕೊಂಡದ್ದೇ ಬಂತು, ಪಾಲಿಸಿದವರು ಕಡಿಮೆ. 1934ರ ಜುಲೈನಲ್ಲಿ ಸಂಹಿತೆ ಜಾರಿ ಮಾಡುವ ಹೊಣೆ ಹೊತ್ತ ಜೋಸೆಫ್ ಬ್ರೀನ್ ಅವರ ಕಚೇರಿ ಪಟ್ಟು ಬಿಗಿ ಮಾಡಿದ ಮೇಲೆಯೇ ಎಲ್ಲರೂ ದಾರಿಗೆ ಬಂದದ್ದು. ನಡುವಿನ ಆ ನಾಲ್ಕು ವರ್ಷದ ಚಿತ್ರಗಳಿಗೆ ಪ್ರೀ-ಕೋಡ್ ಎಂದು ಹೆಸರು. ನನಗೆ ಅವುಗಳ ರುಚಿ ಹತ್ತಿರುವುದು ಗೊತ್ತಿರುವ ಗೆಳೆಯರೆಲ್ಲ ಕೇಳುವುದು ಒಂದೇ: ಎಲ್ಲಿಂದ ಶುರು ಮಾಡೋದು? ನಾಲ್ಕು ಚಿತ್ರ ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ಕಥೆ ಅಲ್ಲಲ್ಲಿ ಬಯಲಾಗುತ್ತದೆ, ಅದು ಬೇಡ ಎನ್ನುವವರು ಮೊದಲು ಚಿತ್ರ ನೋಡಿ ಬನ್ನಿ.

'ಜ್ಯುವೆಲ್ ರಾಬರಿ', 'ಟ್ರಬಲ್ ಇನ್ ಪ್ಯಾರಡೈಸ್' ಎರಡನ್ನೂ ಜೋಡಿಯಾಗಿ ನೋಡುವುದೇ ಚೆಂದ. ಎರಡೂ 1932ರವು. ಎರಡರಲ್ಲೂ ಕೇ ಫ್ರಾನ್ಸಿಸ್ ಸಿರಿವಂತೆ, ಎರಡರಲ್ಲೂ ಆಕೆ ಮನಸೋಲುವುದು ನೀಟಾಗಿ ಸೂಟು ತೊಟ್ಟ ಕಳ್ಳನಿಗೆ.

'ಜ್ಯುವೆಲ್ ರಾಬರಿ' ವಾರ್ನರ್ ಬ್ರದರ್ಸ್‌ನದು, ಸುಮಾರು 70 ನಿಮಿಷದ್ದು. ವಿಯೆನ್ನಾದ ಒಡವೆ ಅಂಗಡಿಗೆ ನುಗ್ಗುವ ವಿಲಿಯಂ ಪವೆಲ್ ಪಿಸ್ತೂಲಿಗಿಂತ ಹೆಚ್ಚು ನೆಚ್ಚಿಕೊಂಡಿರುವುದು ನಯವಿನಯವನ್ನು. ದೋಚುವಾಗ ಗ್ರಾಮಫೋನ್ ಹಾಕುತ್ತಾನೆ. ಅಡ್ಡ ಬಂದವರಿಗೆ ಮತ್ತೇರುವ ಸಿಗರೇಟು ಕೊಡುತ್ತಾನೆ, ಸೇದಿದವರು ಸುಮ್ಮಸುಮ್ಮನೆ ಕಿಸಕ್ಕನೆ ನಗುತ್ತಾರೆ. ಒಳಗೆ ಏನು ತುಂಬಿದೆ ಎಂದು ಊಹಿಸಲು ಕಷ್ಟವೇನಿಲ್ಲ. ಗಂಡನೂ ಬೇಸರ, ಪ್ರಿಯಕರನೂ ಬೇಸರ ಎನ್ನುವ ನಾಯಕಿಗೆ ಈ ದರೋಡೆ ಹಬ್ಬದ ಹಾಗೆ. ತಲೆ ಕೆಡಿಸಿಕೊಳ್ಳದೆ ನೋಡಿ ಮುಗಿಸಬಹುದು. ಕಪ್ಪು-ಬಿಳುಪು ಎಂದರೆ ಆಕಳಿಸುವವರನ್ನು ನಾನು ಕೂರಿಸುವುದು ಇದರ ಮುಂದೆಯೇ.

'ಟ್ರಬಲ್ ಇನ್ ಪ್ಯಾರಡೈಸ್' ಬೇರೆಯದೇ ಮಟ್ಟ. ನಿರ್ದೇಶಕ ಅರ್ನ್ಸ್ಟ್ ಲುಬಿಚ್. ವೆನಿಸ್ ನಗರ, ರಾತ್ರಿ, ಕಾಲುವೆ, ಗೊಂಡೋಲಾ, ಹಾಡು ಎಲ್ಲ ಇದೆ. ಗೊಂಡೋಲಾದಲ್ಲಿ ಮಾತ್ರ ಪ್ರೇಮಿಗಳಿಲ್ಲ, ಊರಿನ ಕಸ ಇದೆ. ಆಮೇಲೆ ಹೋಟೆಲ್ ಕೋಣೆಯಲ್ಲಿ ಊಟ. ಹರ್ಬರ್ಟ್ ಮಾರ್ಷಲ್ ತಾನು ಬ್ಯಾರನ್ ಎಂದು ಹೇಳಿಕೊಂಡಿದ್ದಾನೆ, ಮಿರಿಯಮ್ ಹಾಪ್ಕಿನ್ಸ್ ತಾನು ಕೌಂಟೆಸ್ ಎಂದು. ಇಬ್ಬರೂ ಕಳ್ಳರು. ನೀನು ಕಳ್ಳ ಎಂದು ಅವಳು, ನೀನೂ ಕಳ್ಳಿ ಎಂದು ಅವನು, ಅದೂ ಉಪ್ಪು ದಾಟಿಸುವಷ್ಟು ಸಲೀಸಾಗಿ. ಅವನು ಎದ್ದು ಬಾಗಿಲಿಗೆ ಬೀಗ ಹಾಕಿ, ಪರದೆ ಎಳೆದು, ಅವಳ ಭುಜ ಹಿಡಿದು ಕುಲುಕುತ್ತಾನೆ. ಅವನು ಬೇರೊಬ್ಬನಿಂದ ಕದ್ದು ತಂದಿದ್ದ ಪರ್ಸು ಅವಳಿಂದ ಕೆಳಗೆ ಬೀಳುತ್ತದೆ. ಮತ್ತೆ ಕೂತು ಊಟ ಮುಂದುವರಿಸುತ್ತಾರೆ. ಅವಳ ಪಿನ್ನು ಅವನ ಹತ್ತಿರ, ಅವನ ಗಡಿಯಾರ ಅವಳ ಹತ್ತಿರ. ಕೊನೆಗೆ ಅವಳ ಕಾಲುಚೀಲದ ಪಟ್ಟಿಯೇ ಅವನ ಕೈಯಲ್ಲಿ! ಅದನ್ನು ಮಾತ್ರ ಅವನು ವಾಪಸು ಕೊಡುವುದಿಲ್ಲ. ಇವನ ಕೈಚಳಕ ಅವಳಿಗೆ ಗೊತ್ತಾದಷ್ಟೂ ಅವಳ ಮೋಹ ಏರುತ್ತದೆ. ಇಂಥ ಪ್ರೇಮನಿವೇದನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮುಂದೆ ಪ್ಯಾರಿಸ್‌ನಲ್ಲಿ ಇವನು ಸುಗಂಧದ್ರವ್ಯ ಕಂಪನಿಯ ಒಡತಿ ಕೇ ಫ್ರಾನ್ಸಿಸ್‌ಗೆ ಸೆಕ್ರೆಟರಿಯಾಗುತ್ತಾನೆ. ಸಂಜೆ ಐದರಿಂದ ನಡುರಾತ್ರಿ ದಾಟುವವರೆಗೆ ಇಬ್ಬರ ಸಲಿಗೆ ಬೆಳೆಯುವುದನ್ನು ಲುಬಿಚ್ ಬರೀ ಗಡಿಯಾರಗಳನ್ನು ತೋರಿಸಿ, ಹಿಂದಿನಿಂದ ದನಿ ಕೇಳಿಸಿ ಮುಗಿಸಿಬಿಡುತ್ತಾರೆ. ನಮ್ಮ ಹಳೇ ಚಿತ್ರಗಳಲ್ಲಿ ಎರಡು ಹೂ ತಾಗಿಸುತ್ತಿದ್ದರಲ್ಲ, ಆ ಪೈಕಿ ಅಲ್ಲ ಇದು. ಇಲ್ಲಿ ತೋರಿಸಬೇಡ ಎಂದು ಕಟ್ಟುನಿಟ್ಟು ಮಾಡುವವರೇ ಇನ್ನೂ ಬಂದಿರಲಿಲ್ಲ. ಆದರೂ ಈ ಮನುಷ್ಯ ಬಾಗಿಲು ಮುಚ್ಚಿದ, ಒಳಗಿನದನ್ನು ನಾವೇ ಊಹಿಸಿಕೊಂಡು ನಗಲಿ ಎಂದು. ಪ್ರೀ-ಕೋಡ್ ಎಂದರೆ ಬರೀ ಬಟ್ಟೆ ಕಡಿಮೆ ಎಂದುಕೊಂಡವರಿಗೆ ಇದು ಸರಿಯಾದ ಮದ್ದು. ಅಂದಹಾಗೆ, ಇಷ್ಟು ಸೊಗಸಾಗಿ ನಡೆಯುವ ಮಾರ್ಷಲ್ ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವರು. 1935ರಲ್ಲಿ ಮರುಬಿಡುಗಡೆಗೆ ಒಪ್ಪಿಗೆ ಸಿಗದೆ ಚಿತ್ರ ದಶಕಗಳ ಕಾಲ ಮೂಲೆ ಸೇರಿತ್ತು.

ತೋರಿಸಿಯೇ ತೀರುತ್ತೇನೆ ಎನ್ನುವ ಪಂಥ 'ರೆಡ್-ಹೆಡೆಡ್ ವುಮನ್'ನದು. ಇದೂ 1932ರದೇ, ಎಂಜಿಎಂ ಚಿತ್ರ, ಬರವಣಿಗೆ ಅನಿಟಾ ಲೂಸ್ ಅವರದು. ಶುರುವಿನಲ್ಲೇ ಜೀನ್ ಹಾರ್ಲೊ ಬಟ್ಟೆ ಅಂಗಡಿಯಲ್ಲಿ ಬೆಳಕಿಗೆ ಅಡ್ಡ ನಿಂತು, ಇದರೊಳಗೆ ಕಾಣುತ್ತದಾ ಎಂದು ವಿಚಾರಿಸುತ್ತಾಳೆ. ಕಾಣುತ್ತದೆ ಎಂದರೆ, ಹಾಗಾದರೆ ಇದನ್ನೇ ಉಟ್ಟು ಹೋಗುತ್ತೇನೆ ಎನ್ನುತ್ತಾಳೆ. ಧಣಿಯ ಸಂಸಾರ ಒಡೆದು ಮೇಲೇರುವ ಹುಡುಗಿ, ಗುಂಡು ಹಾರಿಸಿದರೂ ಜೈಲಿಗೆ ಹೋಗದೆ ಪ್ಯಾರಿಸ್‌ನಲ್ಲಿ ಐಷಾರಾಮಾಗಿರುತ್ತಾಳೆ. ಬ್ರಿಟನ್ನಿನಲ್ಲಿ ಇದನ್ನು ನಿಷೇಧಿಸಿದ್ದರು. ಹಾರ್ಲೊ ಮತ್ತು ಗೆಳತಿಯಾಗಿ ಬರುವ ಉನಾ ಮರ್ಕೆಲ್ ಇಬ್ಬರೇ ಇದ್ದಾಗ ಸಂಭಾಷಣೆ ಪಟಪಟ ಹಾರುತ್ತದೆ, ಗಂಡಸರು ಬಂದರೆ ಸಪ್ಪೆ. ಪ್ರೇಮವಂತೂ ಹುಡುಕಿದರೂ ಸಿಗುವುದಿಲ್ಲ. ಧೈರ್ಯಕ್ಕೆ ಪೂರ್ತಿ ಅಂಕ ಕೊಟ್ಟೆ, ಮತ್ತೆ ಹಾಕಿ ನೋಡುವ ಮನಸ್ಸಾಗಲಿಲ್ಲ.

'ಡಿಸೈನ್ ಫಾರ್ ಲಿವಿಂಗ್' 1933ರ ಲುಬಿಚ್ ಚಿತ್ರ. ನೋಯೆಲ್ ಕವರ್ಡ್ ಅವರ ನಾಟಕವನ್ನು ಬೆನ್ ಹೆಕ್ಟ್ ಹೆಚ್ಚುಕಡಿಮೆ ಹೊಸದಾಗಿಯೇ ಬರೆದರು. ಚಿತ್ರಕಾರ ಗ್ಯಾರಿ ಕೂಪರ್, ನಾಟಕಕಾರ ಫ್ರೆಡ್ರಿಕ್ ಮಾರ್ಚ್, ನಡುವೆ ಮತ್ತೆ ಮಿರಿಯಮ್ ಹಾಪ್ಕಿನ್ಸ್. ಗಂಡಸು ಹಲವರನ್ನು ಪ್ರೀತಿಸಿ ನೋಡಿ ಒಬ್ಬಳನ್ನು ಆರಿಸಬಹುದು, ಹೆಣ್ಣು ನೂರು ಟೋಪಿ ಹಾಕಿ ನೋಡಿ ಆರಿಸಿದರೆ ಸರಿ, ಗಂಡಸನ್ನು ಮಾತ್ರ ಹಾಗೆ ಆರಿಸಬಾರದೇಕೆ ಎನ್ನುವುದು ಅವಳ ವಾದ. ಇಬ್ಬರೂ ಬೇಕು, ಆದರೆ ಸೆಕ್ಸ್ ಬೇಡ ಎಂದು ಮೂವರೂ ಕರಾರು ಮಾಡಿಕೊಳ್ಳುತ್ತಾರೆ. ಕರಾರು ಮುರಿಯುವುದು ಅವಳೇ. ನಾಲ್ಕರಲ್ಲಿ ಹೆಚ್ಚು ಚರ್ಚೆಗೆ ಎಡೆ ಮಾಡುವ ಚಿತ್ರ ಇದು, ಆದರೆ ಲಯ ಏರುಪೇರು. ಮೊದಲ ಅರ್ಧ ನೀರು ಕುಡಿದ ಹಾಗೆ ಸಾಗುತ್ತದೆ. ಅವಳು ಎಡ್ವರ್ಡ್ ಎವರೆಟ್ ಹಾರ್ಟನ್‌ನನ್ನು ಮದುವೆಯಾದ ಮೇಲೆ ಎಳೆಯುತ್ತದೆ. ಅಲ್ಲಿ ಕಾಫಿ ಮಾಡಿಕೊಳ್ಳಲು ಎದ್ದು ಹೋದರೂ ನಷ್ಟವಿಲ್ಲ. ಮೂವರೂ ಟ್ಯಾಕ್ಸಿ ಹತ್ತುವ ಹೊತ್ತಿಗೆ ಬಂದು ಕೂತರೆ ಸಾಕು.