ಜೀವನ್ ಬಿಮಾ ನಗರದ ಎಪಿಡಿ ನರ್ಸರಿ: ಗಿಡಕ್ಕೆ ಅಂತ ಹೋಗಿ, ಅಲ್ಲಿನ ಕೆಲಸವನ್ನೂ ನೋಡಿ ಬನ್ನಿ

ಬೆಂಗಳೂರಲ್ಲಿ ನರ್ಸರಿಗಳಿಗೇನೂ ಬರ ಇಲ್ಲ. ಆದರೂ ಗಿಡ ಬೇಕಾದಾಗ ನಾನು ಹೋಗುವುದು ಜೀವನ್ ಬಿಮಾ ನಗರದ ಎಪಿಡಿ ನರ್ಸರಿಗೇ. ಅದು ಬರೀ ಗಿಡ ಮಾರುವ ಜಾಗ ಅಲ್ಲ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆಯ ತೋಟಗಾರಿಕೆ ತರಬೇತಿ ಕೇಂದ್ರ. 1959ರಲ್ಲಿ ಈ ಸಂಸ್ಥೆ ಕಟ್ಟಿದವರು ಎನ್.ಎಸ್. ಹೇಮಾ. ಅವರಿಗೇ ಪೋಲಿಯೋ ಆಗಿತ್ತು. ಮುಖ್ಯ ಕಚೇರಿ ಲಿಂಗರಾಜಪುರದಲ್ಲಿದೆ, ಈ ತೋಟ ಶುರುವಾದದ್ದು 1988ರಲ್ಲಿ. ಅಂಗವಿಕಲರು ಇಲ್ಲಿ ಗಿಡ ಬೆಳೆಸುವುದನ್ನು ಕಲಿತು ಆಮೇಲೆ ಕಂಪನಿಗಳ ತೋಟಕ್ಕೋ ಬೇರೆ ನರ್ಸರಿಗೋ ಮಾಲಿ ಕೆಲಸಕ್ಕೆ ಹೋಗುತ್ತಾರೆ. ನನ್ನ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಅದಕ್ಕೇ ನಾನು ಅಲ್ಲಿ ಗಿಡಗಳನ್ನು ನೋಡುವಷ್ಟೇ ಗಮನ ಕೊಟ್ಟು ಅಲ್ಲಿ ಕೆಲಸ ಮಾಡುವವರನ್ನೂ ನೋಡುತ್ತೇನೆ.

ಮೊದಲು ಗಿಡದ ವಿಷಯ ಮುಗಿಸಿಬಿಡುತ್ತೇನೆ. ಹೂವಿನ ಗಿಡ, ಮನೆಯೊಳಗೆ ಇಡುವ ಗಿಡ, ಕುಂಡ, ಗೊಬ್ಬರ, ಮನೆಗೆ ಬೇಕಾದದ್ದೆಲ್ಲ ಸಿಗುತ್ತದೆ. ನಾನು ತಂದ ದಾಸವಾಳ ಬಾಲ್ಕನಿಯಲ್ಲಿ ಚೆನ್ನಾಗಿಯೇ ಬಂದಿದೆ. ನೆರಳು ಚೆನ್ನಾಗಿದೆ, ಯಾರೂ ಅವಸರ ಮಾಡುವುದಿಲ್ಲ, ಒಂದೊಂದೇ ನೋಡಿಕೊಂಡು ಓಡಾಡಬಹುದು. ಒಮ್ಮೆ ಒಂದು ಗಿಡಕ್ಕೆ ಎಷ್ಟು ನೀರು ಹಾಕಬೇಕು ಅಂತ ಕೇಳಿದೆ. ಕಿವಿ ಕೇಳಿಸದ ಒಬ್ಬ ಹುಡುಗ ನನ್ನ ಕೈಸನ್ನೆ ನೋಡಿ, ತನ್ನ ಬೆರಳನ್ನು ಕುಂಡದ ಮಣ್ಣಿಗೆ ಒಂದು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ ಅಂತ ಸನ್ನೆಯಲ್ಲೇ ತೋರಿಸಿದ. ಬೇರೆ ಕಡೆ ನನಗೆ ಸಿಕ್ಕ ಉತ್ತರ "ದಿನಾ ಸ್ವಲ್ಪ ಹಾಕಿ ಮೇಡಂ" ಅಂತ ಇತ್ತು, ಹಾಗೆ ಹಾಕಿದ ಗಿಡ ಬೇರು ಕೊಳೆತು ಹೋಯಿತು. ಈ ಹುಡುಗನಿಗೆ ಕೆಲಸ ನಿಜವಾಗಿ ಗೊತ್ತಿತ್ತು.

ಇನ್ನು ನನಗೆ ಮುಖ್ಯವಾದ ವಿಷಯ. ತೋಟದ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಬಹುದು. ಮಣ್ಣು ಜರಡಿ ಹಿಡಿಯುವುದು, ಗೊಬ್ಬರ ಬೆರೆಸುವುದು, ಚೀಲ ತುಂಬುವುದು, ಬೀಜ ಹಾಕುವುದು, ಸಸಿ ಬೇರೆ ಮಾಡುವುದು, ಕಸಿ ಕಟ್ಟುವುದು, ನೀರು ಹಾಯಿಸುವುದು, ಗಿರಾಕಿ ಜೊತೆ ಮಾತಾಡುವುದು. ಕಾಲಿಗೆ ಶಕ್ತಿ ಇಲ್ಲದವರು ಕೂತುಕೊಂಡೇ ಮೇಜಿನ ಎತ್ತರಕ್ಕೆ ಇಟ್ಟ ಟ್ರೇಯಲ್ಲಿ ಸಸಿ ಮಾಡಬಹುದು, ಒಂದೇ ಕೆಲಸವನ್ನು ಬೇಜಾರಿಲ್ಲದೆ ಅಚ್ಚುಕಟ್ಟಾಗಿ ಮಾಡುವವರಿಗೆ ಚೀಲ ತುಂಬುವುದು ಒಪ್ಪುತ್ತದೆ, ಬೆರಳು ಚುರುಕಾಗಿರುವವರು ಕಸಿ ಕಟ್ಟುವುದಕ್ಕೆ ಹೋಗಬಹುದು. ತರಬೇತಿ ಅಂದರೆ ಮೊದಲು ಇದನ್ನು ನೋಡಬೇಕು, ಈ ಮನುಷ್ಯನಿಗೆ ಯಾವ ತುಂಡು ಹೊಂದುತ್ತದೆ ಅಂತ. ನಮ್ಮಲ್ಲಿ ಬಹಳ ಕಡೆ ಇದು ಉಲ್ಟಾ ನಡೆಯುತ್ತದೆ. ಇರುವುದು ಒಂದೇ ಕೋರ್ಸು, ಬಂದವರೆಲ್ಲ ಅದಕ್ಕೇ ಸೇರಬೇಕು.

ನನ್ನ ತಮ್ಮನಿಗೆ ಆದದ್ದೂ ಅದೇ. ಹೆಸರು ಬೇಡ, ಊರಲ್ಲಿ ಒಂದು ಸಂಸ್ಥೆಗೆ ಸೇರಿಸಿದ್ದೆವು. ಅಲ್ಲಿ ಇದ್ದದ್ದು ಕಂಪ್ಯೂಟರ್ ಕೋರ್ಸು, ಅವನನ್ನೂ ಅದಕ್ಕೇ ಕೂರಿಸಿದರು. ಅವನು ಟೈಪ್ ಮಾಡಲು ಕಲಿತ, ಆದರೆ ಯಾಕೆ ಟೈಪ್ ಮಾಡುತ್ತಿದ್ದೇನೆ ಅಂತ ಅವನಿಗೆ ಕೊನೆವರೆಗೂ ತಿಳಿಯಲಿಲ್ಲ. ಸರ್ಟಿಫಿಕೇಟ್ ಕೊಟ್ಟರು, ಫೋಟೋ ತೆಗೆದರು, ಒಂದು ಅಂಗಡಿಯ ಪ್ಯಾಕಿಂಗ್ ಕೆಲಸಕ್ಕೆ ಕಳಿಸಿದರು. ಕೆಲಸ ಅವನಿಗೆ ಇಷ್ಟವಾಯಿತು. ಪೆಟ್ಟಿಗೆ ಮಡಚುವುದು, ಟೇಪ್ ಹಚ್ಚುವುದು, ಎಲ್ಲ ಸರಿಯಾಗಿಯೇ ಮಾಡುತ್ತಿದ್ದ. ಆಮೇಲೆ ಸೂಪರ್‌ವೈಸರ್ ಬದಲಾದರು. ಹೊಸಬರು ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳುತ್ತಿದ್ದರು, ಅವನು ಮೊದಲನೆಯದನ್ನು ಮಾಡಿ ಸುಮ್ನೆ ನಿಲ್ಲುತ್ತಿದ್ದ, ಅವರು ಬೈಯುತ್ತಿದ್ದರು, ಅವನು ಮನೆಗೆ ಬಂದು ಊಟ ಬಿಡುತ್ತಿದ್ದ. ಸಂಸ್ಥೆಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಪ್ಲೇಸ್‌ಮೆಂಟ್ ಆಗಿದೆಯಲ್ಲ" ಅಂದರು. ಯಾರಾದರೂ ಒಬ್ಬರು ಅಲ್ಲಿಗೆ ಹೋಗಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅಥವಾ ಗೋಡೆಗೆ ನಾಲ್ಕು ಚಿತ್ರ ಅಂಟಿಸಿ ಅಂತ ಹೇಳಿದ್ದರೆ ಸಾಕಿತ್ತು. ಅರ್ಧ ಗಂಟೆಯ ಮಾತು. ಆ ಅರ್ಧ ಗಂಟೆ ಯಾರ ಕೆಲಸವೂ ಆಗಿರಲಿಲ್ಲ, ಹಾಗಾಗಿ ಅವನ ಕೆಲಸ ಹೋಯಿತು.

ಇಂಥ ಸೇವೆಗಳನ್ನು ಅಳೆಯುವಾಗ ನಾವು ಎಷ್ಟು ಜನಕ್ಕೆ ತರಬೇತಿ, ಎಷ್ಟು ಜನಕ್ಕೆ ಕೆಲಸ ಅಂತ ಕೇಳುತ್ತೇವೆ. ವರ್ಷ ಆದ ಮೇಲೆ ಎಷ್ಟು ಜನ ಅದೇ ಕೆಲಸದಲ್ಲಿ ಉಳಿದಿದ್ದಾರೆ ಅಂತ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಅಮೆರಿಕದಲ್ಲಿ ಅಂಗವಿಕಲರನ್ನು ಕೆಲಸಕ್ಕೆ ಸೇರಿಸುವ ಸರ್ಕಾರದ ಪುನರ್ವಸತಿ ಸೇವೆಯವರು ಒಬ್ಬರ ಫೈಲು ಯಶಸ್ವಿ ಅಂತ ಮುಚ್ಚಬೇಕಾದರೆ ಆ ವ್ಯಕ್ತಿ ಕನಿಷ್ಠ 90 ದಿನ ಕೆಲಸದಲ್ಲಿ ಇರಲೇಬೇಕು ಅಂತ ನಿಯಮ ಇದೆ. ನನ್ನ ಕೇಳಿದರೆ ಆ 90 ದಿನವೂ ಕಮ್ಮಿಯೇ. ತಮ್ಮನ ವಿಷಯದಲ್ಲಿ ತೊಂದರೆ ಶುರುವಾದದ್ದು ಕೆಲಸ ಗೊತ್ತಿಲ್ಲದೆ ಅಲ್ಲ, ಸುತ್ತ ಇದ್ದ ಜನ ಬದಲಾಗಿ. ಅದು ಯಾವಾಗ ಬೇಕಾದರೂ ಆಗಬಹುದು, ಅಲ್ವಾ? ಜಾಬ್ ಕೋಚ್ ಅಂತ ಒಬ್ಬರು ಇರುತ್ತಾರೆ, ಕೆಲಸದ ಜಾಗಕ್ಕೇ ಬಂದು ಪಕ್ಕದಲ್ಲಿ ನಿಂತು ಕಲಿಸುತ್ತಾರೆ, ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಾರೆ, ಮತ್ತೆ ಬೇಕಾದಾಗ ಬರುತ್ತಾರೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಇರುವವರಿಗೆ ತರಗತಿಯ ಪಾಠಕ್ಕಿಂತ ಇದು ಹತ್ತು ಪಟ್ಟು ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನಗೆ ಅನಿಸುತ್ತದೆ. ತರಬೇತಿಗೆ ದುಡ್ಡು ಕೊಡುವ ಸರ್ಕಾರವೂ ಕಂಪನಿಗಳೂ ಕೋಚ್‌ಗಳ ಸಂಬಳಕ್ಕೂ ಕೊಡಬೇಕು. ಇಲ್ಲದಿದ್ದರೆ ಸಂಸ್ಥೆಗಳು ತಾನೇ ಏನು ಮಾಡಾವು, ಅವರಿಗೆ ದುಡ್ಡು ಬರುವುದೇ ತಲೆ ಎಣಿಕೆ ಮೇಲೆ ಆದರೆ ಅವರು ತಲೆಯನ್ನೇ ಎಣಿಸುತ್ತಾರೆ.

ಎಪಿಡಿ ತೋಟದಲ್ಲಿ ನನಗೆ ಹಿಡಿಸಿದ್ದು ಇದಕ್ಕೇ ಸಂಬಂಧಪಟ್ಟದ್ದು. ಅಲ್ಲಿ ಕಲಿಯುವ ಜಾಗವೂ ವ್ಯಾಪಾರದ ಜಾಗವೂ ಒಂದೇ. ಮಾಡಿದ ಗಿಡವನ್ನು ಗೊತ್ತಿಲ್ಲದ ಯಾರೋ ಬಂದು ಕೊಳ್ಳುತ್ತಾರೆ, ಚೌಕಾಸಿ ಮಾಡುತ್ತಾರೆ, ಎಲೆ ಯಾಕೆ ಹಳದಿ ಅಂತ ಕೇಳುತ್ತಾರೆ. ಹೊರಗೆ ಕೆಲಸಕ್ಕೆ ಹೋದಾಗ ಎದುರಾಗುವ ಜನ ಇಲ್ಲೇ ಎದುರಾಗಿಬಿಡುತ್ತಾರೆ. ಕೊಳ್ಳಲು ಬಂದವರಿಗೂ ಪಾಠವೇ. ಇವರಿಗೆ ಕೆಲಸ ಬರುತ್ತದಾ ಅಂತ ಅನುಮಾನ ಇದ್ದವರು ಕೈಯಲ್ಲಿ ಗಿಡ ಹಿಡಿದುಕೊಂಡು ಹೋಗುತ್ತಾರೆ.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ ಇದೆ, ಅದರಲ್ಲಿ ಶೇ. 1 ನನ್ನ ತಮ್ಮನಂಥವರಿಗೆ, ಅಂದರೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲ ಸೇರಿ. ಹಿಂದಿನ 1995ರ ಕಾಯ್ದೆಯಲ್ಲಿ ಅವರಿಗೆ ಆ ಪಾಲೂ ಇರಲಿಲ್ಲ. ಖಾಸಗಿಯವರಿಗೆ ಮೀಸಲಾತಿ ಕಡ್ಡಾಯ ಇಲ್ಲ, ಆದರೆ 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲರಿಗೆ ಯಾವ ಯಾವ ಕೆಲಸ ಹೊಂದುತ್ತದೆ ಅಂತ ಬರೆದು ಪ್ರಕಟಿಸಲೇಬೇಕು. ನಿಮ್ಮ ಕಂಪನಿಯಲ್ಲಿ ಅದು ಇದೆಯಾ ಅಂತ ಎಚ್‌ಆರ್‌ನವರನ್ನು ಕೇಳಿ ನೋಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ದೇಶದಲ್ಲಿ ಒಟ್ಟು 2.68 ಕೋಟಿ, ಅದರಲ್ಲಿ ದುಡಿಯುತ್ತಿದ್ದವರು ಶೇ. 36 ಮಾತ್ರ.

ಮನೆಯವರ ಕಡೆಯಿಂದಲೂ ಒಂದು ಹೆದರಿಕೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರ್ಕಾರ ಅಂಗವಿಕಲರಿಗೆ ಕೊಡುವ ಮಾಸಾಶನಕ್ಕೆ ಆದಾಯ ಮಿತಿ ಇದೆ. ಮಗ ಕೆಲಸಕ್ಕೆ ಹೋದರೆ ಮಾಸಾಶನ ನಿಂತುಹೋದೀತು, ನಾಳೆ ಕೆಲಸವೂ ಹೋದರೆ ಮತ್ತೆ ತಾಲ್ಲೂಕು ಕಚೇರಿ ಅಲೆಯಬೇಕಲ್ಲ ಅಂತ. ನಮ್ಮಮ್ಮನಿಗೂ ಇದೇ ಚಿಂತೆ ಇತ್ತು. ಅದು ತಪ್ಪು ಲೆಕ್ಕ ಅಂತ ನಾನು ಹೇಳಲಾರೆ. ಕೆಲಸ ಬಿಟ್ಟುಹೋದರೆ ಮಾಸಾಶನ ತಾನಾಗಿಯೇ ಮತ್ತೆ ಶುರುವಾಗುವ ವ್ಯವಸ್ಥೆ ಇದ್ದರೆ ಎಷ್ಟೋ ತಾಯಂದಿರು ಧೈರ್ಯವಾಗಿ ಮಕ್ಕಳನ್ನು ಕಳಿಸುತ್ತಾರೆ. ಇನ್ನು ಬಸ್ಸು. ರಿಯಾಯಿತಿ ಪಾಸು ಇದೆ, ಆದರೆ ಮೆಟ್ಟಿಲು ಎತ್ತರ ಇರುವ ಬಸ್ಸನ್ನು ಗಾಲಿಕುರ್ಚಿಯವರು ಪಾಸು ಹಿಡಿದುಕೊಂಡು ಹತ್ತುವುದು ಹೇಗೆ?

ಅಪಾರ್ಟ್‌ಮೆಂಟ್ ಸಂಘದಲ್ಲಿ ಇರುವವರಿಗೆ ಒಂದು ಮಾತು. ಮಾಲಿ ಬೇಕಾದಾಗ ಏಜೆನ್ಸಿಗೆ ಫೋನ್ ಮಾಡುವ ಮೊದಲು ಇಂಥ ಕೇಂದ್ರದಲ್ಲಿ ವಿಚಾರಿಸಿ. ಪಾಪ ಅಂತ ತೆಗೆದುಕೊಳ್ಳಬೇಡಿ, ಕೆಲಸ ನೋಡಿ ತೆಗೆದುಕೊಳ್ಳಿ, ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿಯೂ ಕಮ್ಮಿ ಕೊಡಬೇಡಿ, ಪಿಎಫ್ ಮತ್ತು ಇಎಸ್‌ಐ ಇದ್ದರೆ ಬೇರೆಯವರಿಗೆ ಕೊಟ್ಟ ಹಾಗೇ ಕೊಡಿ.

ಮನೆಯಲ್ಲಿ ನನ್ನ ತಮ್ಮನಂಥವರು ಇರುವವರು ಯಾವ ತರಬೇತಿಗೇ ಸೇರಿಸಲಿ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮೊದಲು ಮಾಡಿಸಿಟ್ಟುಕೊಳ್ಳಿ, ಆಮೇಲೆ ಅಲ್ಲಿಯವರನ್ನು ನೇರವಾಗಿ ಕೇಳಿ: ಕೆಲಸ ಸಿಕ್ಕಿದ ಮೇಲೆ ನಿಮ್ಮವರು ಆ ಜಾಗಕ್ಕೆ ಬರುತ್ತಾರಾ, ಎಷ್ಟು ತಿಂಗಳವರೆಗೆ, ತೊಂದರೆ ಆದರೆ ನಾವು ಯಾರಿಗೆ ಫೋನ್ ಮಾಡಬೇಕು, ಅವರ ಹೆಸರೇನು. ಹೆಸರು ಹೇಳಲು ಆಗದಿದ್ದರೆ ಬೇರೆ ಕಡೆ ನೋಡಿ.