ಸೆಮಾಗ್ಲುಟೈಡ್ ಪೆನ್: ಹೊಟ್ಟೆಗಿಂತ ತಲೆಯಲ್ಲೇ ಜಾಸ್ತಿ ಕೆಲಸ

ವಾರಕ್ಕೊಮ್ಮೆ ಪೆನ್ನಿನ ಆಕಾರದ ಈ ಇಂಜೆಕ್ಷನ್ ತಗೊಳ್ಳಲು ಶುರು ಮಾಡಿ ವರ್ಷದ ಮೇಲಾಯಿತು. ಡಾಕ್ಟರು ಬರೆದುಕೊಟ್ಟಿದ್ದು ಟೈಪ್ 2 ಸಕ್ಕರೆ ಕಾಯಿಲೆಗೆ. ಸಕ್ಕರೆ ಹತೋಟಿಗೆ ಬಂತು, ತೂಕವೂ ಇಳಿಯಿತು. ಅದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನನಗೆ ಆಶ್ಚರ್ಯ ಆಗಿದ್ದು ಬಾಯಿ ಚಪಲದ ವಿಷಯ.

ಮೊದಲು ಊಟ ಮುಗಿಸಿ ಕೈ ತೊಳೆಯುವಾಗಲೇ ಮುಂದೇನು ತಿನ್ನಲಿ ಅನ್ನೋ ಯೋಚನೆ ಶುರುವಾಗುತ್ತಿತ್ತು. ಹೊಟ್ಟೆ ತುಂಬಿದ್ದರೂ ಬಾಯಿ ಸುಮ್ನಿರುತ್ತಿರಲಿಲ್ಲ. ಈಗ ಸಿಹಿ ಡಬ್ಬಿ ಎದುರಿಗೇ ಇದ್ದರೂ ಒಂದು ತಿಂದು ಮುಚ್ಚಳ ಹಾಕುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಂಡು ಅಲ್ಲ. ಎರಡನೆಯದು ಬೇಕು ಅನ್ನಿಸುವುದೇ ಇಲ್ಲ.

ಉಂಡ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಅನ್ನೋ ಪೆಪ್ಟೈಡ್ (ಪುಟ್ಟ ಪ್ರೋಟೀನಿನಂಥ) ಹಾರ್ಮೋನು ಬಿಡುತ್ತದೆ. ಅದು ರಕ್ತದಲ್ಲಿ ಒಂದೆರಡು ನಿಮಿಷಕ್ಕೇ ಒಡೆದುಹೋಗುತ್ತದೆ. ಸೆಮಾಗ್ಲುಟೈಡ್ ಅದರದೇ ನಕಲು. ಆದರೆ ರಕ್ತದಲ್ಲಿರುವ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡು ಕೂರುವುದರಿಂದ ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಮಿದುಳಿನಲ್ಲಿ ಹಸಿವು ನೋಡಿಕೊಳ್ಳುವ ಭಾಗವಾದ ಹೈಪೋಥಲಾಮಸ್‌ನಲ್ಲಿ 'ಸಾಕು' ಅನ್ನಿಸುವ ನರಕೋಶಗಳನ್ನು ಇದು ಎಬ್ಬಿಸುತ್ತದೆ. ಹಸಿವು ಹುಟ್ಟಿಸುವ ಕೋಶಗಳನ್ನು ಮಾತ್ರ ನೇರವಾಗಿ ಮುಟ್ಟುವುದಿಲ್ಲ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗಾಬಾ ಅನ್ನೋ ನ್ಯೂರೋಟ್ರಾನ್ಸ್‌ಮಿಟರ್ ಮೂಲಕ ಸುಮ್ಮನಾಗಿಸುತ್ತದೆ. ಇಲಿಗಳಲ್ಲಿ ಮದ್ಯ, ನಿಕೋಟಿನ್ ಕೊಟ್ಟಾಗ ಏರುವ ಡೋಪಮೈನ್ ಅನ್ನೋ ಮಿದುಳಿನ ರಾಸಾಯನಿಕವನ್ನೂ ಇದೇ ಜಾತಿಯ ಔಷಧ ತಗ್ಗಿಸಿದೆ. ಚಪಲಕ್ಕೂ ಡೋಪಮೈನ್‌ಗೂ ನಂಟಿದೆ ಅಲ್ವಾ? ನನ್ನ ಡಬ್ಬಿಯ ಮುಚ್ಚಳದ ಗುಟ್ಟೂ ಅಲ್ಲೇ ಎಲ್ಲೋ ಇರಬೇಕು ಅಂತ ನನ್ನ ಅಂದಾಜು.

ಪೆನ್ ಬಳಕೆ ಸುಲಭ. ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ. ಗುಂಡಿ ಒತ್ತಿ, ಪೆನ್ನಿನಲ್ಲಿ ಡೋಸ್ ತೋರಿಸುವ ಪುಟ್ಟ ಕಿಟಕಿಯಲ್ಲಿ 0 ಕಂಡ ಮೇಲೂ ನಿಧಾನವಾಗಿ ಆರರವರೆಗೆ ಎಣಿಸಿ ಸೂಜಿ ತೆಗೆಯಬೇಕು. ಅವಸರಕ್ಕೆ ಎಳೆದರೆ ತುದಿಯಲ್ಲಿ ಔಷಧದ ಹನಿ ತೊಟ್ಟಿಕ್ಕುತ್ತದೆ, ಅಷ್ಟು ಡೋಸ್ ಹೋದಂತೆ.

ತೊಂದರೆಯೂ ಇದೆ. 0.25 ಮಿಲಿಗ್ರಾಂನಿಂದ 0.5ಕ್ಕೆ, ಆಮೇಲೆ 1ಕ್ಕೆ ಏರಿಸಿದಾಗಲೆಲ್ಲ ಕೆಲವು ದಿನ ಹೊಟ್ಟೆ ತೊಳಸುತ್ತಿತ್ತು. ಇದರಲ್ಲೂ ತಲೆಯ ಪಾಲಿದೆ, ವಾಂತಿ ಬರಿಸುವ ಜಾಗ ಮಿದುಳಿನ ಬುಡದಲ್ಲೇ ಇರೋದು. ಎಣ್ಣೆ ಪದಾರ್ಥ ತಿಂದ ದಿನವಂತೂ ಕೇಳಲೇಬೇಡಿ. ಮಲಬದ್ಧತೆ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ನಡುವೆ ಅಂಗಡಿಯಲ್ಲಿ ಸ್ಟಾಕ್ ಇಲ್ಲದೆ ಕೆಲವು ವಾರ ತಪ್ಪಿತು. ಮೊದಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಹಳೇ ಚಪಲ ಹಾಗೇ ವಾಪಸ್ ಬಂತು. ಡಾಕ್ಟರು ಮತ್ತೆ 0.25ರಿಂದಲೇ ಶುರು ಮಾಡಿಸಿದರು, ಹೊಟ್ಟೆ ತೊಳಸೋದೂ ಮತ್ತೆ ಮೊದಲಿಂದ. ಅದಕ್ಕೇ ಒಂದು ಸ್ಟಾರ್ ಕಡಿಮೆ.