ತ್ರೈರಾಶಿ, ಮೋಲ್ ಸರಪಳಿ, ಕೋಷ್ಟಕ: ಯಾವುದು ಎಲ್ಲಿ ಕೆಲಸಕ್ಕೆ ಬರುತ್ತದೆ?

ಎಷ್ಟು ಪ್ರತಿವರ್ತಕ ಹಾಕಿದರೆ ಎಷ್ಟು ಉತ್ಪನ್ನ ಬರುತ್ತದೆ ಎಂಬ ಲೆಕ್ಕವನ್ನು ಈ ಮೂರು ಬಗೆಯಲ್ಲೂ ಮಾಡಿ ನೋಡಿದ್ದೇನೆ. ಸಮೀಕರಣ ಸರಿದೂಗಿರದಿದ್ದರೆ ಮೂರೂ ಕೈಕೊಡುತ್ತವೆ.

ತ್ರೈರಾಶಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. 16 ಗ್ರಾಂ ಮೀಥೇನ್ ಪೂರ್ತಿ ಉರಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹಾಗಾದರೆ 4 ಗ್ರಾಂ ಉರಿದರೆ 11. ಮೋಲ್ (ಕಣಗಳನ್ನು ಎಣಿಸುವ ಏಕಮಾನ) ಎಂಬ ಮಾತನ್ನೇ ಎತ್ತಬೇಕಿಲ್ಲ. ಆದರೆ ದ್ರಾವಣದ ಮೊಲಾರಿಟಿ, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಎಂಬುದನ್ನು ಕೊಟ್ಟರೆಂದರೆ ಅದು ಅಲ್ಲೇ ತಡವರಿಸುತ್ತದೆ.

ಸರಪಳಿಗೆ ಆ ತೊಂದರೆಯಿಲ್ಲ. ಒಂದು ಮೋಲ್‌ನ ರಾಶಿಯಿಂದ ಭಾಗಿಸಿ ಗ್ರಾಂನಿಂದ ಮೋಲ್, ಸಮೀಕರಣದ ಗುಣಾಂಕಗಳ (ಸೂತ್ರಗಳ ಮುಂದಿನ ಅಂಕಿಗಳ) ಅನುಪಾತದಿಂದ ಇನ್ನೊಂದರ ಮೋಲ್, ಅಲ್ಲಿಂದ ಮತ್ತೆ ಗ್ರಾಂ. ದ್ರಾವಣವಾದರೆ ಲೀಟರನ್ನು ಮೊಲಾರಿಟಿಯಿಂದ ಗುಣಿಸಿ ಮೋಲ್ ಪಡೆದರಾಯಿತು, ಮುಂದಿನ ದಾರಿ ಅದೇ. ಹೆಜ್ಜೆಹೆಜ್ಜೆಗೂ ಏಕಮಾನ ಬರೆದರೆ ಎಡವಿದ ಜಾಗ ತಾನಾಗಿ ಕಾಣುತ್ತದೆ. ಒಂದೇ ಪ್ರತಿವರ್ತಕದ ಪ್ರಮಾಣ ಕೊಟ್ಟಿದ್ದರೆ ನನ್ನ ಆಯ್ಕೆ ಇದೇ.

ಎರಡರ ಪ್ರಮಾಣವನ್ನೂ ಕೊಟ್ಟಾಗ ಮಾತ್ರ ನಾನು ಆರಂಭ, ಬದಲಾವಣೆ, ಕೊನೆ ಎಂಬ ಮೂರು ಸಾಲುಗಳ ಕೋಷ್ಟಕದ ಪಕ್ಷ. 42 ಗ್ರಾಂ ನೈಟ್ರೋಜನ್, 6 ಗ್ರಾಂ ಹೈಡ್ರೋಜನ್ ಸೇರಿ ಅಮೋನಿಯಾ ಆಗಬೇಕು ಎನ್ನಿ. ಮೋಲ್‌ಗಳಲ್ಲಿ ಇವು 1.5 ಮತ್ತು 3. ನೈಟ್ರೋಜನ್ ಕಡಿಮೆಯಿದೆ, ಅದೇ ಮೊದಲು ಮುಗಿಯುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಒಂದು ಮೋಲ್ ನೈಟ್ರೋಜನ್ ಮೂರು ಮೋಲ್ ಹೈಡ್ರೋಜನ್ ಬೇಡುತ್ತದೆ, ಮುಗಿಯುವುದು ಹೈಡ್ರೋಜನ್. ಆರಂಭದ ಸಾಲಿನಲ್ಲಿ 1.5, 3, 0. ಬದಲಾವಣೆಯ ಸಾಲಿನಲ್ಲಿ −1, −3, +2. ಕೊನೆಯ ಸಾಲಿನಲ್ಲಿ 0.5, 0, 2. ಅಂದರೆ 34 ಗ್ರಾಂ ಅಮೋನಿಯಾ, ಉಳಿದ ನೈಟ್ರೋಜನ್ 14 ಗ್ರಾಂ. ಕೂಡಿದರೆ 48, ಹಾಕಿದ್ದೂ 48. ರಾಶಿ ಸಂರಕ್ಷಣೆಯ ತಾಳೆ ಅದೇ ಹಾಳೆಯಲ್ಲಿ ಸಿಗುವುದು ನನಗೆ ಬಹಳ ಇಷ್ಟ. ಸರಪಳಿಯಲ್ಲಿಯೂ ಎರಡು ಸಲ ಲೆಕ್ಕ ಹಾಕಿ ಚಿಕ್ಕ ಉತ್ತರವನ್ನು ಆರಿಸಬಹುದು, ಆದರೆ ಉಳಿದದ್ದೆಷ್ಟು ಎಂಬುದಕ್ಕೆ ಮೂರನೆಯ ಲೆಕ್ಕ ಬೇಕಾಗುತ್ತದೆ.

ಕೋಷ್ಟಕಕ್ಕೆ ಒಂದೇ ಕಟ್ಟುಪಾಡು: ಒಳಗೆ ಮೋಲ್‌ಗಳನ್ನೇ ಬರೆಯಬೇಕು. ಗುಣಾಂಕಗಳು ಗ್ರಾಂಗಳಿಗೆ ಅನ್ವಯಿಸುವುದಿಲ್ಲ.

ಅಮೋನಿಯಾದ ಕ್ರಿಯೆ ವಾಸ್ತವದಲ್ಲಿ ಹಿಂದಕ್ಕೂ ನಡೆಯುತ್ತದೆ, ಹೈಡ್ರೋಜನ್ ಪೂರ್ತಿ ಖರ್ಚಾಗುವುದಿಲ್ಲ. ಮೇಲಿನ 34 ಗ್ರಾಂ ಸಿದ್ಧಾಂತದ ಗರಿಷ್ಠ ಮಿತಿ. ಮುಂದೆ ರಾಸಾಯನಿಕ ಸಮತೋಲನದ ಪಾಠಕ್ಕೆ ಬಂದಾಗ ಬದಲಾವಣೆಯ ಸಾಲಿನಲ್ಲಿ 1, 3, 2ರ ಜಾಗಕ್ಕೆ ಎಕ್ಸ್, 3 ಎಕ್ಸ್, 2 ಎಕ್ಸ್ ಬರೆದರೆ ಸಾಕು, ಕೋಷ್ಟಕ ಹಾಗೆಯೇ ಮುಂದುವರಿಯುತ್ತದೆ. ಉಳಿದೆರಡು ವಿಧಾನಗಳು ಅಲ್ಲಿಯವರೆಗೆ ಜೊತೆಗೆ ಬರುವುದಿಲ್ಲ.